ಮಾಕುಟ್ಟದ ಗೇಟು ಮತ್ತು ಪುಟ್ಟಸ್ವಾಮಿಯವರ ಅರ್ಜಿ

ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ದಟ್ಟ ಕಾಡಿನ ನಡುವೆ ಇಳಿಯುವ ಘಟ್ಟದ ರಸ್ತೆ ಮಾಕುಟ್ಟದಲ್ಲಿ ಕೇರಳಕ್ಕೆ ಮುಖ ಮಾಡುತ್ತದೆ. ಅಧ್ಯಾಪಕ ವೃತ್ತಿಯಲ್ಲಿದ್ದಾಗ ಇರಿಟ್ಟಿ, ತಲಶ್ಶೇರಿಗಳಿಗೆ ಈ ದಾರಿಯಲ್ಲಿ ಅನೇಕ ಸಲ ಹೋಗಿಬಂದಿದ್ದೇನೆ. ಅಂದು ಗೇಟಿನವರಿಗೆ ಬೇಕಾಗಿದ್ದುದು ಲಾರಿಯಲ್ಲಿ ಮರದ ದಿಮ್ಮಿ ಇದೆಯೇ, ಚೀಲದಲ್ಲಿ ಮದ್ಯದ ಬಾಟಲಿ ಇದೆಯೇ ಎಂಬುದಷ್ಟೆ. ಬಸ್ಸಿನಲ್ಲಿ ಕುಳಿತ ನನ್ನನ್ನು ‘ನೀನು ಯಾರು’ ಎಂದು ಒಬ್ಬರೂ ಕೇಳಿದ್ದಿಲ್ಲ. 2020ರ ಮಾರ್ಚ್‌ನಲ್ಲಿ ಕೊರೋನಾ ಭೀತಿಯಿಂದ ಆ ರಸ್ತೆಗೆ ಮಣ್ಣು ಸುರಿದು ಮುಚ್ಚಿದರು. ಮರುವರ್ಷ 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ವರದಿ ತೋರಿಸಿದವರಿಗಷ್ಟೇ ಒಳಗೆ ಪ್ರವೇಶವೆಂದಾಯಿತು. ಆಪತ್ಕಾಲದಲ್ಲಿ ಕಾಗದ ಕೇಳುವುದನ್ನು ನಾನು ಆಕ್ಷೇಪಿಸಲಾರೆ. ಆಪತ್ತು ಮುಗಿದ ಮೇಲೂ ಕೇಳುವ ಅಭ್ಯಾಸ ಉಳಿದರೇನು ಗತಿ ಎಂಬುದೇ ನನ್ನ ಚಿಂತೆ.

ಇದಕ್ಕೆ ಬ್ರಿಟನ್ನಿನಲ್ಲಿ ಒಂದು ನಿದರ್ಶನವಿದೆ. 1939ರಲ್ಲಿ ಯುದ್ಧದ ಕಾರಣಕ್ಕೆ ಅಲ್ಲಿ ಗುರುತಿನ ಚೀಟಿ ಕಡ್ಡಾಯವಾಯಿತು. ಯುದ್ಧ ಮುಗಿದರೂ ಚೀಟಿ ಹೋಗಲಿಲ್ಲ. 1950ರ ಡಿಸೆಂಬರ್‌ನಲ್ಲಿ ಕಾರು ಓಡಿಸುತ್ತಿದ್ದ ಕ್ಲಾರೆನ್ಸ್ ವಿಲ್ಕಾಕ್ ಎಂಬಾತ ಪೊಲೀಸರಿಗೆ ಚೀಟಿ ತೋರಿಸಲು ನಿರಾಕರಿಸಿದ. ಮೊಕದ್ದಮೆಯಲ್ಲಿ ಆತ ಸೋತದ್ದು ನಿಜ. ಆದರೆ ಮುಖ್ಯ ನ್ಯಾಯಮೂರ್ತಿ ಲಾರ್ಡ್ ಗೊಡಾರ್ಡ್ ಅವರು ಯುದ್ಧಕಾಲದ ಕಾನೂನನ್ನು ಶಾಂತಿಕಾಲದಲ್ಲಿ ಹೀಗೆ ಬಳಸುವುದನ್ನು ಟೀಕಿಸಿದರು. 1952ರಲ್ಲಿ ಚೀಟಿಯೇ ರದ್ದಾಯಿತು.

ನಮ್ಮಲ್ಲಿ ನಡೆದದ್ದು ತಿರುವುಮುರುವು. ಗುರುತಿನ ಚೀಟಿಯ ಮಾತು 2003ರ ಪೌರತ್ವ ಕಾಯ್ದೆಯ ತಿದ್ದುಪಡಿಯಲ್ಲೇ ಬಂದಿತ್ತು. ಆದರೆ ಆಧಾರ್ ಬಂದದ್ದು ಬೇರೆ ದಾರಿಯಿಂದ. 2009ರಲ್ಲಿ ಬೆಂಗಳೂರಿನ ನಂದನ್ ನಿಲೇಕಣಿಯವರ ಅಧ್ಯಕ್ಷತೆಯಲ್ಲಿ ಪ್ರಾಧಿಕಾರ ಕೆಲಸ ಆರಂಭಿಸಿತು. 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ಟೆಂಭ್ಲಿ ಗ್ರಾಮದಲ್ಲಿ ಮೊದಲ ಸಂಖ್ಯೆ ಕೊಟ್ಟರು. ಅದಕ್ಕೊಂದು ಕಾಯ್ದೆ ಹುಟ್ಟಿದ್ದು 2016ರಲ್ಲಿ! ಅಷ್ಟರಲ್ಲಿ ಕೋಟ್ಯಂತರ ಜನರ ಬೆರಳಚ್ಚು, ಕಣ್ಣಿನ ಗುರುತು ಸಂಗ್ರಹವಾಗಿ ಹೋಗಿತ್ತು. ಶಾಲೆಯಲ್ಲಿ ಮೊದಲು ದಾಖಲಾತಿ, ಆಮೇಲೆ ಶಾಲೆಗೆ ಮಂಜೂರಾತಿ ಎಂದಂತೆ.

ಇದನ್ನು ಪ್ರಶ್ನಿಸಿದವರೂ ಬೆಂಗಳೂರಿನವರೇ ಎಂಬುದು ಸ್ವಾರಸ್ಯ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಸಂಸತ್ತಿನ ಕಾಯ್ದೆಯಿಲ್ಲದೆ ಪ್ರಜೆಯ ಮೈಗುರುತನ್ನು ಸರ್ಕಾರ ಪಡೆಯಬಹುದೇ ಎಂಬುದು ಅವರ ಪ್ರಶ್ನೆಯ ತಿರುಳು. 2015ರಲ್ಲಿ ಸರ್ಕಾರದ ಪರ ವಕೀಲರು 1954 ಮತ್ತು 1962ರ ತೀರ್ಪುಗಳನ್ನು ಮುಂದಿಟ್ಟು, ಖಾಸಗಿತನವು ಸಂವಿಧಾನದಲ್ಲಿ ಮೂಲಭೂತ ಹಕ್ಕೇ ಅಲ್ಲವೆಂದು ವಾದಿಸಿದರು. ಒಂಬತ್ತು ನ್ಯಾಯಮೂರ್ತಿಗಳ ಪೀಠ ಕುಳಿತು, 2017ರ ಆಗಸ್ಟ್ 24ರಂದು ಅದು ಮೂಲಭೂತ ಹಕ್ಕೇ ಹೌದೆಂದು ಒಮ್ಮತದಿಂದ ಹೇಳಿತು. ‘ಕದ್ದವನಿಗಷ್ಟೇ ಮುಚ್ಚಿಡುವ ಚಿಂತೆ’ ಎನ್ನುವವರು ಆ ತೀರ್ಪನ್ನೊಮ್ಮೆ ಓದಬೇಕು. ನಾವೂ ಮನೆಯ ಬಾಗಿಲಿಗೆ ಅಗುಳಿ ಹಾಕುತ್ತೇವೆ. ಅದು ಕಳ್ಳಮಾಲಿಗಾಗಿ ಅಲ್ಲ.

2018ರ ಸೆಪ್ಟೆಂಬರ್ 26ರ ತೀರ್ಪು ಅವರಿಗೆ ಅರ್ಧ ಗೆಲುವು. ಐವರಲ್ಲಿ ನಾಲ್ವರು ಆಧಾರ್ ಅನ್ನು ಎತ್ತಿಹಿಡಿದರು. ಬ್ಯಾಂಕ್ ಖಾತೆಗೆ, ಮೊಬೈಲಿಗೆ ಅದನ್ನು ಕಡ್ಡಾಯ ಮಾಡುವುದನ್ನು ತಳ್ಳಿಹಾಕಿದರು. ಕಾಯ್ದೆಯನ್ನು ಹಣಕಾಸು ಮಸೂದೆಯಾಗಿ ಅಂಗೀಕರಿಸಿದ್ದೇ ಸಂವಿಧಾನಬಾಹಿರವೆಂದು ಭಿನ್ನ ತೀರ್ಪಿತ್ತವರು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಒಬ್ಬರೇ. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. 98 ವರ್ಷ.

ಸರ್ಕಾರಿ ಸೌಲಭ್ಯಗಳಿಗೆ ಮಾತ್ರ ಆಧಾರ್ ಉಳಿಯಿತು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತೋಟದ ಲೈನ್‌ಮನೆಯಲ್ಲಿದ್ದಾಳೆ. ಕಾಫಿ ಕೊಯ್ದು, ಮೆಣಸು ಬಿಡಿಸಿ ಬೆರಳ ಗೆರೆಗಳು ಸವೆದಿವೆ. ಒಂದು ತಿಂಗಳು ಪಡಿತರದ ಯಂತ್ರ ಅವಳನ್ನು ಗುರುತಿಸಲಿಲ್ಲ. ‘ಮೇಷ್ಟ್ರೇ, ನಾನು ನಾನೇ ಅಂತ ಒಂದು ಚೀಟಿ ಬರ್ದುಕೊಡಿ’ ಎಂದು ಬಂದಳು. ಗುರುತು ಹತ್ತದ ಮಾತ್ರಕ್ಕೆ ಅರ್ಹರು ವಂಚಿತರಾಗಬಾರದೆಂಬ ಮಾತು ಅದೇ ತೀರ್ಪಿನಲ್ಲಿದೆ. ಅದನ್ನೂ ಸೇರಿಸಿ ಬರೆದುಕೊಟ್ಟೆ. ಎಷ್ಟೋ ಮಕ್ಕಳ ವರ್ಗಾವಣೆ ಪತ್ರಗಳಿಗೆ ಬಿದ್ದಿದ್ದ ನನ್ನ ಸಹಿಗೆ ಅಂಗಡಿಯಲ್ಲಿ ಬೆಲೆ ಬರಲಿಲ್ಲ. ನಾಲ್ಕು ದಿನ ಬಿಟ್ಟು ಮಗನ ಮೊಬೈಲಿಗೆ ಬಂದ ಆರು ಅಂಕಿಗಳನ್ನು ಹೇಳಿ ಅವಳು ಅಕ್ಕಿ ತಂದಳು.