‘ಸಂಸ್ಕಾರ’ ಮತ್ತು ಅಂತರಂಗದ ವಿಚಾರಣೆ

ಲಾಲ್‌ಬಾಗಿನ ಮಗ್ಗುಲಿನ ಮಾವಳ್ಳಿಯವರಿಗೆ ಚಲನಚಿತ್ರವು ನೆರೆಮನೆಯಷ್ಟು ಹತ್ತಿರದ ಸಂಗತಿ. ಇಲ್ಲಿನ ಮಿನರ್ವ ವೃತ್ತಕ್ಕೆ ಹೆಸರು ಬಂದದ್ದೇ ಒಂದು ಚಿತ್ರಮಂದಿರದಿಂದ. ತೆರೆಯ ಮೇಲಿನ ದೇವರಿಗೆ ಪ್ರೇಕ್ಷಕರು ಕೈಮುಗಿಯುತ್ತಿದ್ದ ಕಾಲವೂ ಒಂದಿತ್ತು. ಕೈಮುಗಿಯುವವನ ಅಂತರಂಗವನ್ನೇ ವಿಚಾರಣೆಗೆ ಒಡ್ಡಿದ ಚಿತ್ರವೊಂದು 1970ರಲ್ಲಿ ಕನ್ನಡದಲ್ಲಿ ಬಂತು. ಅದೇ ‘ಸಂಸ್ಕಾರ’.

ಯು.ಆರ್. ಅನಂತಮೂರ್ತಿಯವರ 1965ರ ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿಯವರು ತೆರೆಗೆ ತಂದರು. ಪ್ರಾಣೇಶಾಚಾರ್ಯರ ಪಾತ್ರ ಗಿರೀಶ್ ಕಾರ್ನಾಡರದು. ಮದರಾಸಿನ ಸೆನ್ಸಾರ್ ಮಂಡಳಿ ಚಿತ್ರವನ್ನು ತಡೆಹಿಡಿಯಿತು. ತಡೆ ತೆರವಾದ ಮೇಲೆ ಅದಕ್ಕೇ ರಾಷ್ಟ್ರದ ಅತ್ಯುತ್ತಮ ಚಿತ್ರ ಪ್ರಶಸ್ತಿ ದೊರೆಯಿತು.

‘ಸಂಸ್ಕಾರ’ ಎಂದೊಡನೆ ನಮ್ಮ ಕುಟುಂಬಗಳಿಗೆ ನೆನಪಾಗುವುದು ಧರ್ಮಸಭೆಯ ಏಳು ಸಂಸ್ಕಾರಗಳು. ಕಥೆಯಲ್ಲಿ ಅದು ಶವಸಂಸ್ಕಾರ. ಅಗ್ರಹಾರದ ಕಟ್ಟಳೆಗಳನ್ನೆಲ್ಲ ಮುರಿದು ಬಾಳಿದ ನಾರಣಪ್ಪ ಸತ್ತಿದ್ದಾನೆ. ಅವನ ಅಂತ್ಯಕ್ರಿಯೆ ಯಾರು ಮಾಡಬೇಕು? ಆಚಾರ್ಯರು ಗ್ರಂಥಗಳಲ್ಲಿ ಉತ್ತರ ಹುಡುಕುತ್ತಾರೆ, ಮಾರುತಿಯ ಗುಡಿಯಲ್ಲಿ ಕಾಯುತ್ತಾರೆ. ಉತ್ತರ ದೊರೆಯುವುದಿಲ್ಲ. ರೋಗಿಷ್ಠ ಪತ್ನಿಯ ಸೇವೆಯನ್ನೇ ಮೋಕ್ಷದ ಮೆಟ್ಟಿಲೆಂದು ನಂಬಿದ್ದ ಈ ವ್ರತನಿಷ್ಠ, ಅಂದೇ ಕಾಡಿನ ಕತ್ತಲಲ್ಲಿ ನಾರಣಪ್ಪನ ಸಂಗಾತಿ ಚಂದ್ರಿಯ ಮುಂದೆ ಸೋಲುತ್ತಾರೆ. ಆ ಗಳಿಗೆಯಲ್ಲಿ ಅವರ ಬಾಯಿಂದ ಹೊರಡುವ ಮಾತು ‘ಅಮ್ಮಾ’.

ಮನೋವಿಶ್ಲೇಷಣೆ ಕಿವಿಗೊಡುವುದು ಇಂಥ ಮಾತಿಗೇ. ವಿಯೆನ್ನಾದ ಸಿಗ್ಮಂಡ್ ಫ್ರಾಯ್ಡ್ 1907ರಲ್ಲಿ ಮತಾಚರಣೆಗಳನ್ನು ಮನೋರೋಗಿಯ ಗೀಳಿಗೆ ಹೋಲಿಸಿದರು. 1927ರಲ್ಲಿ, ದೇವರೆಂದರೆ ಬಾಲ್ಯದ ತಂದೆಯ ಹಿಗ್ಗಿದ ನೆರಳು ಎಂದು ವಾದಿಸಿದರು. ನಮ್ಮ ಕಥೆಯಲ್ಲಿ ಕೇಳಿದ್ದು ತಾಯಿಯ ಹೆಸರು. ಭಾರತೀಯ ಮನಸ್ಸಿನ ಆಳದಲ್ಲಿ ತಾಯಿಯ ಹಿಡಿತವೇ ಬಲವಾದದ್ದೆಂದು ಸುಧೀರ್ ಕಾಕರ್ 1978ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಅದಕ್ಕೂ ಒಂದು ವರ್ಷ ಮುಂಚೆ ವಿ.ಎಸ್. ನೈಪಾಲ್ ಕಾಕರ್ ಅವರ ವಿಚಾರಗಳನ್ನೇ ಹಿಡಿದು ‘ಸಂಸ್ಕಾರ’ ಕಾದಂಬರಿಯನ್ನು ಓದಿದ್ದರು: ತಾನು ಯಾರೆಂಬುದನ್ನು ಕಟ್ಟಳೆಗಳಿಗೆ ಒಪ್ಪಿಸಿಬಿಟ್ಟವನಿಗೆ, ಕಟ್ಟಳೆ ಮುರಿದ ದಿನ ಒಳಗೆ ಏನೂ ಉಳಿದಿರುವುದಿಲ್ಲ.

ಈ ಮಾತಿನಲ್ಲಿ ಸತ್ಯವಿದೆ, ಹೊರಗಿನವರ ಅವಸರವೂ ಇದೆ. ಇದು ಭಾರತೀಯರಿಗಷ್ಟೇ, ಬ್ರಾಹ್ಮಣರಿಗಷ್ಟೇ ಅಂಟಿದ ಕುಂದಲ್ಲ. ವಾರಕ್ಕೆರಡು ಉಪವಾಸಗಳ ಲೆಕ್ಕ ಒಪ್ಪಿಸಿದ ಫರಿಸಾಯನನ್ನು ಸಂತ ಲೂಕನ ಶುಭಸಂದೇಶದಲ್ಲಿ ನಾವು ಕಂಡಿದ್ದೇವೆ. ಜಪಮಾಲೆ, ಉಪವಾಸ, ಗುರುವಸ್ತ್ರ ಇವು ಕೂಡ ಮನುಷ್ಯನಿಗೆ ತನ್ನಿಂದಲೇ ಅಡಗಿಕೊಳ್ಳುವ ಮರೆಗಳಾಗಬಲ್ಲವು. ಅಷ್ಟರಮಟ್ಟಿಗೆ ಫ್ರಾಯ್ಡ್ ನಮಗೆ ಉಪಕಾರಿ.

ಆದರೆ ಗೀಳಿನ ಅಪರಾಧಭಾವ ಬೇರೆ, ನಿಜವಾದ ಅಪರಾಧ ಬೇರೆ. ಜಗದ್ಗುರು ಹನ್ನೆರಡನೇ ಪಿಯುಸ್ 1953ರ ಏಪ್ರಿಲ್‌ನಲ್ಲಿ ರೋಮಿನಲ್ಲಿ ಸೇರಿದ್ದ ಮನೋಚಿಕಿತ್ಸಕರಿಗೆ ಈ ಭೇದವನ್ನೇ ತಿಳಿಸಿದರು: ಮೊದಲನೆಯದಕ್ಕೆ ಚಿಕಿತ್ಸೆ ಉಂಟು, ಎರಡನೆಯದನ್ನು ಕೇವಲ ಚಿಕಿತ್ಸೆಯಿಂದ ಅಳಿಸಲಾಗದು, ಅದಕ್ಕೆ ಪಶ್ಚಾತ್ತಾಪ ಮತ್ತು ಕ್ಷಮೆ ಬೇಕು. ಪ್ರಾಣೇಶಾಚಾರ್ಯರನ್ನು ಕಾಡುವುದು ಈ ಎರಡನೆಯದೇ ಎಂದು ನನಗೆ ತೋರುತ್ತದೆ. ಹೆಂಡತಿ ತೀರಿಕೊಂಡ ಮೇಲೆ ಊರೂರು ಅಲೆಯುವ ಅವರು ಜಾತ್ರೆಯ ಜನಜಂಗುಳಿಯಲ್ಲೂ ಗುರುತು ಸಿಕ್ಕೀತೆಂದು ಅಂಜುತ್ತಾರೆ. ಅವರಿಗೆ ಬೇಕಾದದ್ದು ವಿವರಣೆಯಲ್ಲ, ತಮ್ಮ ಮಾತನ್ನು ಕೇಳಿಸಿಕೊಳ್ಳುವ ಒಬ್ಬರು. ಕಾದಂಬರಿಯ ಕೊನೆಯಲ್ಲಿ, ಅಗ್ರಹಾರದವರ ಮುಂದೆ ಎಲ್ಲವನ್ನೂ ಹೇಳಿಬಿಡಬೇಕೆಂದು ಗಾಡಿ ಹತ್ತುತ್ತಾರೆ. ದಾರಿ ಇನ್ನೂ ನಾಲ್ಕೈದು ಗಂಟೆಯದು. ಹೇಳಿದರೋ ಇಲ್ಲವೋ, ಅನಂತಮೂರ್ತಿಯವರು ಬರೆದಿಲ್ಲ.