ಪೋಕರ್ ಬ್ಲೈಂಡ್: ಗೋವಾ ಟೇಬಲ್ಲಿಗೊಂದು ಲೆಕ್ಕ, ಮೊಬೈಲಿಗೊಂದು ಲೆಕ್ಕ ಯಾಕೆ?

ನೆಲಮಂಗಲ: ತುಮಕೂರು ರಸ್ತೆಯಲ್ಲಿ ಬಸ್ ಹತ್ತಿ ಗೋವಾದ ಕ್ಯಾಸಿನೊ ನೋಡಿ ಬಂದವರಿಗೂ ಮೊಬೈಲಲ್ಲೇ ಪೋಕರ್ ಕಲಿತವರಿಗೂ ಒಂದು ವಿಷಯದಲ್ಲಿ ತಾಳೆಯಾಗೋದಿಲ್ಲ. ಬ್ಲೈಂಡ್ ಎಷ್ಟು ಹೊತ್ತಿಗೊಮ್ಮೆ ಏರಬೇಕು?

ಮೂರೆಲೆ ಆಟದಲ್ಲಿ ಎಲೆ ನೋಡದೆ ಹಣ ಹಾಕೋದನ್ನ ಬ್ಲೈಂಡ್ ಅಂತಾರೆ. ಪೋಕರ್‌ನಲ್ಲಿ ಹಾಗಲ್ಲ. ಎಲೆ ಹಂಚುವ ಮೊದಲೇ ಇಬ್ಬರು ಸರದಿ ಪ್ರಕಾರ ಕಡ್ಡಾಯವಾಗಿ ಇಡುವ ಮೊತ್ತವೇ ಬ್ಲೈಂಡ್. ಒಂದು ಚಿಕ್ಕದು, ಇನ್ನೊಂದು ಸಾಮಾನ್ಯವಾಗಿ ಅದರ ಎರಡರಷ್ಟು. ಟೂರ್ನಿಯಲ್ಲಿ ಇದು ನಿಗದಿತ ಸಮಯಕ್ಕೊಮ್ಮೆ ಏರುತ್ತದೆ. ಏರದಿದ್ದರೆ ಆಟ ಮುಗಿಯೋದೇ ಇಲ್ಲ.

ವ್ಯತ್ಯಾಸಕ್ಕೆ ಮುಖ್ಯ ಕಾರಣ ವೇಗ. ಕ್ಯಾಸಿನೊದಲ್ಲಿ ಡೀಲರ್ ಎಲೆ ಕಲಸಬೇಕು, ಹಂಚಬೇಕು, ಚಿಪ್ ಎಣಿಸಬೇಕು. ಗಂಟೆಗೆ 25-30 ಆಟ ಆದರೆ ಹೆಚ್ಚು. ಸಾಫ್ಟ್‌ವೇರ್ ಅದೇ ಹೊತ್ತಲ್ಲಿ 60-70 ಮುಗಿಸುತ್ತದೆ. ಹಾಗಾಗಿ ಅಲ್ಲಿನ 30 ನಿಮಿಷದ ಹಂತಕ್ಕೂ ಇಲ್ಲಿನ 10-12 ನಿಮಿಷಕ್ಕೂ ಆಟದ ಲೆಕ್ಕದಲ್ಲಿ ದೊಡ್ಡ ಅಂತರವಿಲ್ಲ. ಐದು ನಿಮಿಷದ 'ಟರ್ಬೊ' ಮಾತ್ರ ಬೇರೆಯೇ ಮಾತು. ಒಂಬತ್ತು ಜನರ ಟೇಬಲಲ್ಲಿ ಸರದಿ ಒಂದು ಸುತ್ತು ಬರುವ ಮೊದಲೇ ಬ್ಲೈಂಡ್ ಏರಿರುತ್ತೆ. 10,000 ಚಿಪ್ ಇರುವವನಿಗೆ ಬ್ಲೈಂಡ್ 50-100 ಇದ್ದಾಗ ಆರಾಮ. 500-1,000 ಆದಾಗ ದೊಡ್ಡ ಬ್ಲೈಂಡ್ ಹತ್ತು ಸಲ ಕಟ್ಟಿದರೆ ಖಾಲಿ. ಒಳ್ಳೆ ಎಲೆಗೆ ಕಾಯೋ ಹಾಗಿಲ್ಲ, ಅದೃಷ್ಟದ ಪಾಲು ಹೆಚ್ಚುತ್ತದೆ.

ಇನ್ನೊಂದು ಕಾರಣ ಚಿಲ್ಲರೆ. ಅಂಗಡಿಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಕ್ಯಾಸಿನೊ ಟೂರ್ನಿಯಲ್ಲಿ 25, 100, 500ರ ಬಿಲ್ಲೆಗೆ ಬ್ಲೈಂಡ್ ಹೊಂದಬೇಕು. ಮೊತ್ತ ಏರಿದಂತೆ ಸಣ್ಣ ಬಿಲ್ಲೆ ವಾಪಸ್ ಪಡೆದು ದೊಡ್ಡದು ಕೊಡ್ತಾರೆ. ಮೊಬೈಲಲ್ಲಿ ಬಿಲ್ಲೆ ಬರೀ ಅಂಕಿ, 70-140 ಅಂತಲೂ ಇಡಬಹುದು.

ಟೂರ್ನಿಯಲ್ಲದ ನಗದು ಆಟದಲ್ಲಿ ಬ್ಲೈಂಡ್ ಏರೋದಿಲ್ಲ. ಡೀಲರ್ ಸಂಬಳ, ಟೇಬಲ್ ಖರ್ಚು ಹುಟ್ಟಬೇಕಾದ್ದರಿಂದ ಕ್ಯಾಸಿನೊ ದೊಡ್ಡ ಮೊತ್ತದಿಂದಲೇ ಶುರು ಮಾಡುತ್ತೆ; ಮೊಬೈಲಲ್ಲಿ ಒಂದೆರಡು ರೂಪಾಯಿಗೂ ಇರುತ್ತಿತ್ತು. ಸಣ್ಣದು ಅಂತ ಮೋಸ ಹೋಗೋದು ಇಲ್ಲೇ. ರೂ. 50-100ರ ಬ್ಲೈಂಡ್ ಒಂದು ಸುತ್ತಿಗೆ ರೂ. 150 ಕೇಳುತ್ತದೆ. ಒಂಬತ್ತು ಜನ ಕೂತರೆ ಕ್ಯಾಸಿನೊದಲ್ಲಿ ಗಂಟೆಗೆ ಮೂರು ಸುತ್ತು, ರೂ. 450. ಮೊಬೈಲಲ್ಲಿ ಏಳು ಸುತ್ತು, ರೂ. 1,050. ಎರಡು ಟೇಬಲ್ ಒಟ್ಟಿಗೆ ತೆರೆದರೆ ಅದೂ ದುಪ್ಪಟ್ಟು.

ಈಗಿನ ಕಾನೂನು: ಆನ್‌ಲೈನ್ ಗೇಮಿಂಗ್ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿ ಅಂಕಿತ ಬಿದ್ದಿದೆ. ಜಾಣ್ಮೆಯ ಆಟವಾದರೂ ಸರಿ, ಹಣ ಕಟ್ಟಿಸಿಕೊಂಡು ಆನ್‌ಲೈನಲ್ಲಿ ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂ.ವರೆಗೆ ದಂಡ. ಗೋವಾದ ಕ್ಯಾಸಿನೊಗಳು ಅಲ್ಲಿನ ರಾಜ್ಯ ಕಾನೂನಿನಡಿ ನಡೆಯುತ್ತವೆ, ಅವಕ್ಕೆ ಇದು ಅನ್ವಯಿಸದು. ಹಣದ ಪೋಕರ್ ಈಗಲೂ ಇದೆ ಅಂತ ವಾಟ್ಸ್‌ಆ್ಯಪಲ್ಲಿ ಲಿಂಕ್ ಬಂದರೆ, ಅಲ್ಲಿ ಕಟ್ಟಿದ ದುಡ್ಡು ವಾಪಸ್ ಕೇಳೋಕೂ ದಾರಿ ಸಿಗೋದು ಕಷ್ಟ.