ಐದು ವಾರದ ಆಟ

ಬೇಸಿಗೆ ರಜೆಗೆಂದು ಬಂದಿದ್ದ ಮೊಮ್ಮಗ ಒಂದು ಸಂಜೆ ಜಗಲಿಯಲ್ಲಿ ಕುಳಿತು, "ಅಜ್ಜ, ಪ್ರಪಂಚದಲ್ಲೇ ಅತ್ಯಂತ ಕೆಟ್ಟ ವಿಡಿಯೋ ಗೇಮ್ ಯಾವುದು ಹೇಳು ನೋಡೋಣ" ಎಂದ. ನನಗೇನು ಗೊತ್ತು! ಉತ್ತರವನ್ನೂ ಅವನೇ ಹೇಳಿದ. 1982ರಲ್ಲಿ ಅಮೆರಿಕದ ಅಟಾರಿ ಕಂಪನಿ ಹೊರತಂದ 'ಇ.ಟಿ.' ಎಂಬ ಆಟವಂತೆ. ಅದು ಎಷ್ಟು ಕೆಟ್ಟದಾಗಿತ್ತೆಂದರೆ ಅದರಿಂದ ಆ ಉದ್ಯಮವೇ ಮುಳುಗಿಹೋಯಿತಂತೆ, ಮಾರಾಟವಾಗದ ಪ್ರತಿಗಳನ್ನು ಮರುಭೂಮಿಯಲ್ಲಿ ಹೂತರಂತೆ.

ಜೀವಮಾನವಿಡೀ ಇತಿಹಾಸ ಬೋಧಿಸಿದವನ ಕಿವಿಗೆ ಒಂದೇ ಉಸಿರಿನಲ್ಲಿ ಇಷ್ಟೊಂದು 'ಅಂತೆ'ಗಳು ಬಿದ್ದರೆ ಸುಮ್ಮನಿರುವುದು ಕಷ್ಟ. ಅತ್ಯಂತ ಕೆಟ್ಟದ್ದೆಂದು ತೀರ್ಮಾನಿಸಿದವರು ಯಾರು? ಯಾವಾಗ? ಯಾವ ಆಧಾರದ ಮೇಲೆ? ಈ ವಯಸ್ಸಿನಲ್ಲಿ ಮೇಷ್ಟ್ರಿಗೆ ಇದೆಂಥ ಹುಚ್ಚು ಎಂದು ನಗಬೇಡಿ. ನಿಮ್ಮಲ್ಲಿ 90ರ ದಶಕದಲ್ಲಿ ಓದಿದ ಅನೇಕರು ಟಿವಿಗೆ ಸಿಕ್ಕಿಸಿ ಆಡುವ ಆ 'ಕ್ಯಾಸೆಟ್'ಗಳನ್ನು ಚೀಲದ ತಳದಲ್ಲಿಟ್ಟುಕೊಂಡು ಶಾಲೆಗೆ ಬರುತ್ತಿದ್ದುದು ನನಗೆ ಆಗಲೇ ಗೊತ್ತಿತ್ತು.

ಅಟಾರಿಯ ಯಂತ್ರ ಅದಕ್ಕೂ ಹಿಂದಿನ ತಲೆಮಾರಿನದು. 1977ರಲ್ಲಿ ಮಾರುಕಟ್ಟೆಗೆ ಬಂದ ಅದರ ತಾತ್ಕಾಲಿಕ ಸ್ಮರಣೆ ಕೇವಲ 128 ಬೈಟು. ನಾನೀಗ ಬರೆಯುತ್ತಿರುವ ಈ ವಾಕ್ಯವನ್ನು ಇಂದಿನ ಕಂಪ್ಯೂಟರು ಇಟ್ಟುಕೊಳ್ಳುವ ಕ್ರಮದಲ್ಲಿ ಅದರೊಳಗೆ ತುಂಬಹೊರಟರೆ ಅರ್ಧ ವಾಕ್ಯಕ್ಕೂ ಜಾಗ ಸಾಲದು. ಪೂರ್ತಿ ಚಿತ್ರವೊಂದನ್ನು ನೆನಪಿನಲ್ಲಿಟ್ಟು ತೋರಿಸುವ ಶಕ್ತಿ ಆ ಯಂತ್ರಕ್ಕಿರಲಿಲ್ಲವಾದ್ದರಿಂದ, ಟಿವಿಯ ಪರದೆಯ ಮೇಲೆ ಕಿರಣವು ಗೆರೆ ಗೆರೆಯಾಗಿ ಸಾಗುವಾಗ, ಆಯಾ ಗೆರೆಯಲ್ಲಿ ಏನಿರಬೇಕೆಂಬುದನ್ನು ಪ್ರೋಗ್ರಾಂ ಆ ಕ್ಷಣದಲ್ಲೇ ಒದಗಿಸುತ್ತ ಹೋಗಬೇಕಿತ್ತು. ಓಡುತ್ತಿರುವ ರೈಲಿನ ಮುಂದೆ ಹಳಿ ಜೋಡಿಸಿದಂತೆ! ಒಬ್ಬನೇ ವ್ಯಕ್ತಿ ಕುಳಿತು ಇಡೀ ಆಟವನ್ನು ರಚಿಸುತ್ತಿದ್ದ ಕಾಲವದು. ಆದರೆ ಆ ವ್ಯಕ್ತಿಯ ಹೆಸರನ್ನು ಅಟಾರಿ ಎಲ್ಲಿಯೂ ಮುದ್ರಿಸುತ್ತಿರಲಿಲ್ಲ. ವಾರನ್ ರಾಬಿನೆಟ್ ಎಂಬಾತ 'ಅಡ್ವೆಂಚರ್' ಎಂಬ ತನ್ನ ಆಟದೊಳಗೆ ಒಂದು ಗುಪ್ತ ಕೋಣೆ ಮಾಡಿ, ಅಲ್ಲಿ ಕದ್ದುಮುಚ್ಚಿ ತನ್ನ ಹೆಸರು ಬರೆದಿಟ್ಟ. ಸಂಬಳ ಮತ್ತು ಮನ್ನಣೆಯ ಜಗಳದಿಂದ ಹೊರಬಿದ್ದ ನಾಲ್ವರು 1979ರಲ್ಲಿ 'ಆಕ್ಟಿವಿಷನ್' ಕಟ್ಟಿ, ರಚನಕಾರನ ಹೆಸರನ್ನು ಆಟದೊಂದಿಗೆ ಅಚ್ಚುಹಾಕಿಸತೊಡಗಿದರು. ಅವರಲ್ಲೊಬ್ಬನಾದ ಡೇವಿಡ್ ಕ್ರೇನ್ 1982ರಲ್ಲಿ ಮಾಡಿದ 'ಪಿಟ್‌ಫಾಲ್' ಇಂದಿಗೂ ಆ ಯಂತ್ರದ ಶ್ರೇಷ್ಠ ಆಟಗಳಲ್ಲಿ ಒಂದೆಂದು ಎಣಿಕೆಯಾಗುತ್ತದೆ.

ಆಟಗಳ ವಿಮರ್ಶೆಯೂ ಹುಟ್ಟಿದ್ದು ಇದೇ ಹೊತ್ತಿಗೆ. ಬಿಲ್ ಕುಂಕೆಲ್ ಮತ್ತು ಆರ್ನಿ ಕಾಟ್ಜ್ ಎಂಬ ಗೆಳೆಯರು 1979ರಲ್ಲಿ 'ವಿಡಿಯೋ' ಎಂಬ ಪತ್ರಿಕೆಯಲ್ಲಿ ಅಂಕಣ ಆರಂಭಿಸಿದರು. 1981ರಲ್ಲಿ ಜಾಯ್ಸ್ ವರ್ಲಿಯವರನ್ನೂ ಕೂಡಿಕೊಂಡು 'ಎಲೆಕ್ಟ್ರಾನಿಕ್ ಗೇಮ್ಸ್' ಎಂಬ ಪತ್ರಿಕೆಯನ್ನೇ ಹೊರಡಿಸಿದರು. ಆದರೆ ಅಂಗಡಿಯಲ್ಲಿ ಮಗುವಿನ ಕೈಹಿಡಿದು ನಿಂತ ತಂದೆತಾಯಿಗೆ ಕಾಣುತ್ತಿದ್ದುದು ಡಬ್ಬಿಯ ಮೇಲಿನ ಬಣ್ಣದ ಚಿತ್ರ ಮತ್ತು ಪರಿಚಿತ ಹೆಸರು, ಅಷ್ಟೇ. 1982ರ ಮಾರ್ಚಿನಲ್ಲಿ ಬಂದ ಅಟಾರಿಯ 'ಪ್ಯಾಕ್‌ಮ್ಯಾನ್' ಇದಕ್ಕೆ ಸಾಕ್ಷಿ. ನಾಲ್ಕು ಭೂತಗಳನ್ನು ಒಮ್ಮೆಗೆ ಬಿಡಿಸಲಾರದೆ ಒಂದೊಂದನ್ನೇ ಸರದಿಯಂತೆ ತೋರಿಸಿದ್ದರಿಂದ ಅವು ಎಣ್ಣೆ ತೀರಿದ ದೀಪದಂತೆ ಮಿಣುಕುತ್ತಿದ್ದವು. ನಾಣ್ಯ ಹಾಕಿ ಆಡುವ ಮೂಲ ಆಟದ ರಂಗು ಅದರಲ್ಲಿರಲಿಲ್ಲ. ವಿಮರ್ಶಕರು ಬೈದರು, ಆದರೂ ಸುಮಾರು 70 ಲಕ್ಷ ಪ್ರತಿಗಳು ಮಾರಾಟವಾದವು. ಕೆಟ್ಟದ್ದೂ ಖರ್ಚಾಗುತ್ತದೆ ಎಂಬ ಧೈರ್ಯ ಕಂಪನಿಗೆ ಬಂದದ್ದು ಇಲ್ಲಿಯೇ ಎಂದು ನನ್ನ ಊಹೆ.

ಇನ್ನು ನಮ್ಮ ಕಥಾನಾಯಕನ ವಿಷಯ. ಹೋವರ್ಡ್ ಸ್ಕಾಟ್ ವಾರ್ಷಾ ಅಟಾರಿಯಲ್ಲಿ ಮೊದಲು ಮಾಡಿದ ಆಟ 'ಯಾರ್ಸ್ ರಿವೆಂಜ್'. ಕೀಟವೊಂದು ಶತ್ರುವಿನ ಕೋಟೆಯನ್ನು ಕೊರೆದು ಹೊಡೆದುರುಳಿಸುವ ಕಥೆ. ಪರದೆಯ ನಡುವೆ ಮಿರಮಿರ ಮಿನುಗುವ ಪಟ್ಟಿಯೊಂದಿದೆ. ಅದನ್ನು ಬೇರೆಯಾಗಿ ಬಿಡಿಸಲು ಸ್ಥಳವಿಲ್ಲದ್ದರಿಂದ ಆತ ಪ್ರೋಗ್ರಾಮಿನ ಅಂಕಿಗಳನ್ನೇ ಚಿತ್ರವಾಗಿ ಹರಿಯಬಿಟ್ಟಿದ್ದಾನೆ. ಬಡತನದಲ್ಲಿ ಹುಟ್ಟಿದ ಇಂಥ ಜಾಣ್ಮೆ ನನಗೆ ಬಹಳ ಪ್ರಿಯ. ಆ ಆಟಕ್ಕೆ ಆತ ತೆಗೆದುಕೊಂಡದ್ದು ಸುಮಾರು ಏಳು ತಿಂಗಳು. 1982ರಲ್ಲಿ ಹೊರಬಂದ ಅದನ್ನು ಅಟಾರಿಯ ಅತ್ಯುತ್ತಮ ಆಟಗಳ ಸಾಲಿನಲ್ಲಿ ಇಂದಿಗೂ ನಿಲ್ಲಿಸುತ್ತಾರೆ.

ಅದೇ ವರ್ಷ ಜೂನಿನಲ್ಲಿ ಸ್ಪೀಲ್‌ಬರ್ಗರ 'ಇ.ಟಿ.' ಚಲನಚಿತ್ರ ಬಿಡುಗಡೆಯಾಗಿ ಜಗತ್ತನ್ನೇ ಕರಗಿಸಿತು. ಅಟಾರಿಯ ಒಡೆತನ ಹೊಂದಿದ್ದ ವಾರ್ನರ್ ಸಂಸ್ಥೆ ಜುಲೈ ಕೊನೆಯ ಹೊತ್ತಿಗೆ ಅದರ ಹಕ್ಕುಗಳನ್ನು ಪಡೆಯಿತು. ಕ್ರಿಸ್‌ಮಸ್ ಮಾರಾಟಕ್ಕೆ ಆಟ ಸಿದ್ಧವಾಗಬೇಕೆಂದರೆ ಸೆಪ್ಟೆಂಬರ್ 1ಕ್ಕೆ ರಚನೆ ಮುಗಿದಿರಬೇಕು. ಉಳಿದದ್ದು ಐದು ವಾರ. ಆಗುತ್ತದೆಯೇ ಎಂದು ಕೇಳಿದಾಗ ವಾರ್ಷಾ ಆಗುತ್ತದೆ ಎಂದ. ಮನೆಯಲ್ಲೂ ಯಂತ್ರವಿರಿಸಿಕೊಂಡು ಹಗಲಿರುಳು ದುಡಿದ. ಅವಧಿಗೆ ಸರಿಯಾಗಿ ಆಟವನ್ನು ಒಪ್ಪಿಸಿದ.

ಮುಂದಿನದು ವ್ಯಾಪಾರದ ಕಥೆ. ಲಕ್ಷಗಟ್ಟಲೆ ಪ್ರತಿಗಳು ಮಾರಾಟವಾದವು, ಅದಕ್ಕಿಂತ ಹೆಚ್ಚಿನವು ಉಳಿದವು. ಆದರೆ ಮುಳುಗಿಸಿದ್ದು ಇದೊಂದೇ ಆಟವೆನ್ನುವುದು ಶುದ್ಧ ಅಪವಾದ. 1982ರ ವೇಳೆಗೆ ಕಂಡಕಂಡವರೆಲ್ಲ ಆಟ ಮಾಡಲು ಇಳಿದಿದ್ದರು. ನಮ್ಮಲ್ಲೂ ಈಗ ಬೆಳಗಿನ ಗಂಜಿಗೆ ಬಳಕೆಯಾಗುವ ಓಟ್ಸ್ ಮಾರುವ ಕ್ವೇಕರ್ ಕಂಪನಿಗೂ ಆಟಗಳ ವಿಭಾಗವೊಂದಿತ್ತು! ಕಳಪೆ ಮಾಲು ಗುಡ್ಡೆಬಿದ್ದು, ಅಂಗಡಿಯವರು ಬಂದ ಬೆಲೆಗೆ ತಳ್ಳತೊಡಗಿದರು. 1982ರ ಡಿಸೆಂಬರ್ 7ರಂದು ಅಟಾರಿಯ ಗಳಿಕೆ ನಿರೀಕ್ಷೆಗಿಂತ ಬಹಳ ಕಡಿಮೆಯಾಗಲಿದೆ ಎಂದು ವಾರ್ನರ್ ಪ್ರಕಟಿಸಿತು. ಮರುದಿನವೇ ಅದರ ಷೇರು ಬೆಲೆ ಮೂರನೇ ಒಂದು ಭಾಗದಷ್ಟು ಕುಸಿಯಿತು. 'ಇ.ಟಿ.' ಆಗಿನ್ನೂ ಅಂಗಡಿಗಳಿಗೆ ಹೊಸದು. 1983ರಲ್ಲಿ ಅಟಾರಿಯ ನಷ್ಟ 50 ಕೋಟಿ ಡಾಲರನ್ನು ಮೀರಿತು. ಇಂಥ ಕುಸಿತಕ್ಕೆ ಒಂದು ಮುಖ ಬೇಕಾಗಿತ್ತು. ಬಟಾಣಿಯಂಥ ಕಣ್ಣಿನ ಆ ಅನ್ಯಲೋಕದ ಜೀವಿ ಸುಲಭವಾಗಿ ಸಿಕ್ಕಿತು.

ಇಷ್ಟೆಲ್ಲ ತಿಳಿದ ಮೇಲೆ, ಓದದ ಪುಸ್ತಕಕ್ಕೆ ಅಭಿಪ್ರಾಯ ಬರೆಯಬಾರದಲ್ಲವೇ? ಮೊಮ್ಮಗನ ಕಂಪ್ಯೂಟರಿನಲ್ಲಿ ಆ ಆಟವನ್ನು ಆಡಿದೆ. ದೂರವಾಣಿಯ ಮೂರು ತುಂಡುಗಳನ್ನು ಹುಡುಕಿ ಜೋಡಿಸಿ, ತನ್ನ ಲೋಕದವರನ್ನು ಕರೆದು ಮನೆಗೆ ಹೋಗಬೇಕು. ತುಂಡುಗಳಿರುವುದು ಗುಂಡಿಗಳಲ್ಲಿ. ಬಿದ್ದರೆ ಗುಂಡಿ ಒತ್ತಿ ಕತ್ತು ನೀಳವಾಗಿಸಿ ತೇಲಿ ಮೇಲೆ ಬರಬೇಕು. ಬಂದೊಡನೆ ಮತ್ತೆ ಬೀಳುತ್ತೇನೆ. ಹನ್ನೊಂದು ಸಲ ಬಿದ್ದೆ, ಎಣಿಸಿದ್ದೇನೆ. ಪಾದವಿನ್ನೂ ದೂರವಿರುವಾಗಲೇ ತಲೆಯ ಒಂದು ಚುಕ್ಕೆ ಗುಂಡಿಯ ಅಂಚಿಗೆ ತಾಗಿದರೂ ಯಂತ್ರ ಅದನ್ನು ಬಿದ್ದಂತೆಯೇ ಲೆಕ್ಕ ಹಾಕುತ್ತದೆ. ದೋಷ ಅಲ್ಲಿದೆ, ಒಪ್ಪಿದೆ. 2013ರಲ್ಲಿ ಹವ್ಯಾಸಿಯೊಬ್ಬರು ಆ ಪ್ರೋಗ್ರಾಮನ್ನು ಬಿಚ್ಚಿ, ಕೆಲವೇ ಬೈಟುಗಳನ್ನು ಬದಲಿಸಿ ಈ ಕಿರುಕುಳವನ್ನು ನಿವಾರಿಸಿ ತೋರಿಸಿದ್ದಾರೆ. ಅಂದರೆ ತಿದ್ದಿ ನೋಡಲು ಇನ್ನೊಂದಿಷ್ಟು ದಿನ ದೊರೆತಿದ್ದರೆ ಆಗಲೇ ಸರಿಯಾಗುತ್ತಿತ್ತು. ಕೈಪಿಡಿಯನ್ನು ಓದಿಕೊಂಡು ನಾಲ್ಕನೆಯ ದಿನ ಆ ಬಡಪಾಯಿಯನ್ನು ಮನೆಗೆ ಕಳುಹಿಸಿಯೇ ಬಿಟ್ಟೆ. ಹೆಂಡತಿ ಒಳಗಿನಿಂದ ಎರಡು ಸಲ ಊಟಕ್ಕೆ ಕರೆದಿದ್ದಳಂತೆ, ನನಗೆ ಕೇಳಿಸಿರಲಿಲ್ಲ.

ಆಮೇಲೆ ಬಂದ ಜಪಾನಿನ ನಿಂಟೆಂಡೊ ಈ ಗೊಂದಲದಿಂದ ಪಾಠ ಕಲಿತಿತ್ತು. 1985ರಲ್ಲಿ ಅಮೆರಿಕಕ್ಕೆ ಕಾಲಿಟ್ಟಾಗ ಯಂತ್ರದೊಳಗೆ ಬೀಗದಂಥ ಚಿಪ್ ಇಟ್ಟು, ಅನುಮತಿಯಿಲ್ಲದ ಆಟ ನಡೆಯದಂತೆ ಮಾಡಿತು. ಹೊರಗಿನ ಕಂಪನಿಗಳಿಗೆ ವರ್ಷಕ್ಕೆ ಐದೇ ಆಟ ಎಂಬ ಮಿತಿ ಹಾಕಿತು. ಡಬ್ಬಿಯ ಮೇಲೆ ಗುಣಮಟ್ಟದ ಮುದ್ರೆ ಒತ್ತಿತು. ಆ ಮುದ್ರೆ ಹೊತ್ತೇ ಎಷ್ಟೋ ಕಳಪೆ ಆಟಗಳೂ ಬಂದವೆನ್ನಿ. ನಮ್ಮ ಪೇಟೆಗಳಿಗೆ ಬಂದ ಕ್ಯಾಸೆಟ್‌ಗಳಲ್ಲಿ ಹೆಚ್ಚಿನವು ಅದೇ ಯಂತ್ರದ ನಕಲಿಗೆ ಮಾಡಿದ ನಕಲು ಆಟಗಳು, ಯಾವ ಮುದ್ರೆಯೂ ಇಲ್ಲದವು.

ಮುದ್ರೆಯಾದ ಮೇಲೆ ಅಂಕ. 1986ರಲ್ಲಿ ಆರಂಭವಾದ ಜಪಾನಿನ 'ಫಾಮಿತ್ಸು' ಪತ್ರಿಕೆಯಲ್ಲಿ ನಾಲ್ವರು ವಿಮರ್ಶಕರು ತಲಾ ಹತ್ತರಂತೆ ಒಟ್ಟು 40ಕ್ಕೆ ಅಂಕ ಕೊಡುವ ಪದ್ಧತಿ ಬೆಳೆಯಿತು. ಬಹಳ ಬಿಗಿ ಕೈ. ಪೂರ್ಣ 40 ಮೊದಲು ಸಿಕ್ಕಿದ್ದು 1998ರಲ್ಲಿ, 'ಜೆಲ್ಡಾ' ಸರಣಿಯ ಒಂದು ಆಟಕ್ಕೆ. 2001ರಲ್ಲಿ 'ಮೆಟಾಕ್ರಿಟಿಕ್' ಬಂದು ಜಗತ್ತಿನ ವಿಮರ್ಶೆಗಳನ್ನೆಲ್ಲ ಕಲಸಿ ನೂರಕ್ಕೆ ಇಷ್ಟು ಎಂಬ ಒಂದೇ ಸಂಖ್ಯೆಗೆ ಇಳಿಸಿತು. 2010ರಲ್ಲಿ 'ಫಾಲ್‌ಔಟ್: ನ್ಯೂ ವೇಗಸ್' ಎಂಬ ಆಟವನ್ನು ರಚಿಸಿದ ಅಬ್ಸಿಡಿಯನ್ ತಂಡಕ್ಕೆ 85 ಬಂದರೆ ಹೆಚ್ಚುವರಿ ಹಣ ಸಿಗುವ ಕರಾರಿತ್ತು. ಬಂದದ್ದು 84. ಒಂದು ಅಂಕಕ್ಕೆ ಹೋಯಿತೆಂದು ತಂಡದ ಪ್ರಮುಖರೊಬ್ಬರಾದ ಕ್ರಿಸ್ ಅವೆಲೋನ್ 2012ರಲ್ಲಿ ಹೇಳಿಕೊಂಡರು. ಮೌಲ್ಯಮಾಪನ ಕೇಂದ್ರದಲ್ಲಿ 34 ಬಂದ ಉತ್ತರಪತ್ರಿಕೆಯನ್ನು ಹಿಡಿದು ಕುಳಿತ ಎಷ್ಟೋ ಮಧ್ಯಾಹ್ನಗಳು ನನಗೆ ಇದನ್ನು ಓದುವಾಗ ನೆನಪಾದವು.

ಹೂತ ಕಥೆ ಮಾತ್ರ ನಿಜ. 1983ರ ಸೆಪ್ಟೆಂಬರಿನಲ್ಲಿ ನ್ಯೂ ಮೆಕ್ಸಿಕೋದ ಅಲಮಗೋರ್ಡೊ ಊರಿನ ಕಸದ ಹಳ್ಳಕ್ಕೆ ಅಟಾರಿಯ ಸರಕನ್ನು ಲಾರಿಗಳಲ್ಲಿ ತಂದು ಸುರಿದರು. 2014ರ ಏಪ್ರಿಲ್ 26ರಂದು ಅದನ್ನು ಅಗೆದಾಗ 'ಇ.ಟಿ.' ಸಿಕ್ಕಿತು, ಜೊತೆಗೆ 'ಸೆಂಟಿಪೀಡ್', 'ಮಿಸೈಲ್ ಕಮಾಂಡ್'ಗಳಂಥ ಎಲ್ಲರೂ ಮೆಚ್ಚಿದ ಆಟಗಳೂ ಸಿಕ್ಕವು. ಕೆಟ್ಟದ್ದನ್ನಷ್ಟೇ ಹೂತಿರಲಿಲ್ಲ, ಉಳಿದದ್ದನ್ನೆಲ್ಲ ಹೂತಿದ್ದರು. ಆ ಗಾಳಿ ದೂಳಿನಲ್ಲಿ ನೋಡಲು ನಿಂತವರಲ್ಲಿ ವಾರ್ಷಾ ಕೂಡ ಒಬ್ಬರು. ಅಷ್ಟು ಹೊತ್ತಿಗೆ ಅವರು ಮನಶ್ಶಾಸ್ತ್ರೀಯ ಚಿಕಿತ್ಸಕರಾಗಿದ್ದರು. ಹೂತಿದ್ದ ಒಂದು ಪ್ರತಿ ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದ ಸೊತ್ತು.

ಊರಿಗೆ ಹೊರಡುವಾಗ ಮೊಮ್ಮಗ, "ನೀನು ಎಷ್ಟು ಮಾರ್ಕ್ಸ್ ಕೊಡ್ತೀ ಅಜ್ಜ?" ಎಂದು ಕೇಳಿದ. ಆಟಕ್ಕೆ 35, ಪಾಸು ಎಂದೆ. ಅವನು ನಕ್ಕು ಬಸ್ಸು ಹತ್ತಿದ.

ಆ ರಾತ್ರಿ ನನಗೆ ನೆನಪಾದದ್ದು ಬೇರೊಂದು ಮೌಲ್ಯಮಾಪನ. ಒಂಬತ್ತನೇ ತರಗತಿಯ ಹುಡುಗನೊಬ್ಬ ಪ್ರಬಂಧವನ್ನು ಅರ್ಧಕ್ಕೇ ನಿಲ್ಲಿಸಿ, ಅಕ್ಷರವೆಲ್ಲ ಸೊಟ್ಟಗೆ ಬರೆದು ತಂದಿದ್ದ. ಅದೇ ಹುಡುಗ ಜುಲೈಯಲ್ಲಿ ಬರೆದ ಪ್ರಬಂಧವನ್ನು ನಾನೇ ತರಗತಿಯಲ್ಲಿ ಓದಿ ಹೇಳಿದ್ದೆ. ಆದರೂ ಏನೊಂದನ್ನೂ ಕೇಳದೆ ಕೆಂಪು ಶಾಯಿಯಲ್ಲಿ 'ಅಲಕ್ಷ್ಯ' ಎಂದು ಬರೆದು ಪುಸ್ತಕ ಹಿಂದಿರುಗಿಸಿದೆ. ಅದು ಕೊಯ್ಲಿನ ಕಾಲ. ರಾತ್ರಿ ಹನ್ನೊಂದರವರೆಗೆ ಅವನು ಪರರ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದನೆಂಬುದು ನನಗೆ ತಿಳಿದದ್ದು ಎರಡು ವರ್ಷಗಳ ನಂತರ, ಅದೂ ಇನ್ನೊಬ್ಬರ ಬಾಯಿಂದ. ಅವನು ಎಂದೂ ಹೇಳಲಿಲ್ಲ, ನಾನೂ ಮಾತೆತ್ತಲಿಲ್ಲ. ಈ ಪುಟವನ್ನು ಅವನು ಆಗಾಗ ಓದುತ್ತಾನೆಂದು ಬಲ್ಲೆ. ಅಪ್ಪಾ, ಆ ಪುಸ್ತಕ ಎಲ್ಲಾದರೂ ಉಳಿದಿದ್ದರೆ ಈ ಕಡೆ ಬಂದಾಗ ತೆಗೆದುಕೊಂಡು ಬಾ. ಆ ಪದವನ್ನು ನಾನೇ ಹೊಡೆದುಹಾಕಬೇಕು.